ಗೋಣಿಯ ಮೇಲೆ ಬೆಳ್ಳಿನೀರು

ಬೀಳುವಾಗ ಆ ಹನಿಗೆ ಬಣ್ಣವಿರುವುದಿಲ್ಲ. ಗೋಣಿಯ ಮೇಲೆ ಕುಳಿತ ಕ್ಷಣದಲ್ಲಿ ಅದು ಬರಿಯ ನೀರು. ಗೋಣಿಯಲ್ಲಿ ಉಪ್ಪಿದ್ದರೆ ಮಾತ್ರ ಹನಿಯ ನಡುವೆ ಒಂದು ಮಸುಕು ಹುಟ್ಟಿ ಅಂಚಿನವರೆಗೆ ಹರಡುತ್ತದೆ. ಅಕ್ಕಿ ತೊಳೆದ ನೀರಿನ ಬಿಳುಪು ಬರುತ್ತದೆ. ಬಿಸಿಲಿಗೆ ಹಿಡಿದರೆ ಆ ಬಿಳುಪೂ ನಿಲ್ಲದು. ಮೊದಲು ನೇರಳೆಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗಿ ಉಳಿಯುತ್ತದೆ. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಇವತ್ತಿಗೂ ಅಕ್ಕಿ ತೊಳೆದ ನೀರನ್ನು ಚೆಲ್ಲುವ ಮೊದಲು ನನ್ನ ಕೈ ಸ್ವಲ್ಪ ತಡೆಯುತ್ತದೆ. ಕಪ್ಪಾಗುವುದೋ ಎಂದು ಕಾಯುತ್ತದೆ.

ಆಗ ನಾನು ಬಂದರಿನ ರಸ್ತೆಯಲ್ಲಿ, ಹಂಚಿನ ಮಾಡಿನ ಒಂದು ಮಹಡಿಯಲ್ಲಿದ್ದ ಸರ್ವೇ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಸಮುದ್ರದ ದಾರಿಯಲ್ಲಿ ಬಂದ ಸರಕು ಕೆಟ್ಟಿದ್ದರೆ, ಅದು ಹೇಗೆ ಕೆಟ್ಟಿತು, ಯಾರ ಹೊಣೆ ಎಂದು ನೋಡಿ ವಿಮಾ ಕಂಪನಿಗೆ ವರದಿ ಕೊಡುವುದು ಅಲ್ಲಿನ ಕೆಲಸ. ಕಚೇರಿಯ ಯಜಮಾನರು ರೆಬೆಲ್ಲೊ ಎಂಬ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ಕೆಟ್ಟ ಮೀನಿನ ಗೋದಾಮಿಗೆ ಹೋಗುವಾಗಲೂ ಅದೇ ಅಂಗಿ. ಸರಕಿನ ಜೊತೆ ಬಂದವರ ಮಾತಿಗೆ ಅವರು ಹೆಚ್ಚು ಕಿವಿಗೊಡುತ್ತಿರಲಿಲ್ಲ. ಮನುಷ್ಯನಿಗೆ ಹೆದರಿಕೆಯಿರುತ್ತದೆ, ಗೋಣಿಗೆ ಇರುವುದಿಲ್ಲ, ಆದ್ದರಿಂದ ಗೋಣಿಯನ್ನೇ ಕೇಳಬೇಕು ಎನ್ನುತ್ತಿದ್ದರು. ಗೋಣಿಯನ್ನು ಕೇಳುವ ಉಪಾಯವೇ ಆ ಕಂದು ಬಾಟಲಿ. ಒಳಗಿದ್ದದ್ದು ಸಿಲ್ವರ್ ನೈಟ್ರೇಟಿನ ದ್ರಾವಣ. ಕಚೇರಿಯಲ್ಲಿ ನಾವು ಬೆಳ್ಳಿನೀರು ಎನ್ನುತ್ತಿದ್ದೆವು. ಒದ್ದೆಯಾದ ಗೋಣಿಯ ಮೇಲೆ ಒಂದು ಹನಿ ಬಿಟ್ಟರೆ ಸಾಕು. ಬೆಳ್ಳಗಾದರೆ ಒಳಗೆ ಬಂದದ್ದು ಕಡಲ ನೀರು. ಬೆಳ್ಳಗಾಗದಿದ್ದರೆ ಮಳೆ ನೀರು, ಇಲ್ಲವೇ ಹಡಗಿನ ಬೆವರು.

ಹಡಗಿನ ಬೆವರು ಎಂಬ ಮಾತನ್ನು ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಬಿಸಿಯಾದ, ಪಸೆಯುಳ್ಳ ಸರಕನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಅದರ ಆವಿ ಮೇಲೇರಿ, ತಂಪಾದ ಹಲಗೆಗೆ ತಾಗಿ, ನೀರಾಗಿ ಮತ್ತೆ ಸರಕಿನ ಮೇಲೆಯೇ ತೊಟ್ಟಿಕ್ಕುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಮೈಯಂತೆ. ಆ ಬೆವರಿನಲ್ಲಿ ಉಪ್ಪಿರುವುದಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳೆಂದು ಬೆಳ್ಳಿನೀರು ಬೆರೆಸುವ, ಹನಿ ಹಾಕುವ ಕೆಲಸ ನನಗೆ ಬಂತು. ಎಷ್ಟು ಎಚ್ಚರವಹಿಸಿದರೂ ಅದು ಬೆರಳಿಗೆ ತಾಗುತ್ತಿತ್ತು; ತಾಗಿದಲ್ಲಿ ಚರ್ಮ ಕಪ್ಪಾಗುತ್ತಿತ್ತು. ಸೋಪಿಗೆ ಹೋಗುವ ಕಪ್ಪಲ್ಲ. ಅಮ್ಮ ನಿಂಬೆಹಣ್ಣು ಉಜ್ಜಿ ಸೋತಳು. ನನ್ನನ್ನು ನೋಡಲು ಬಂದ ಒಂದು ಮನೆಯವರು ಉಪ್ಪಿಟ್ಟಿನ ತಟ್ಟೆಗಿಂತ ತಟ್ಟೆ ಹಿಡಿದ ಬೆರಳುಗಳನ್ನೇ ಹೆಚ್ಚು ನೋಡಿ, ಏನಾದರೂ ಚರ್ಮದ ಕಾಯಿಲೆಯೇ ಎಂದು ಮೆಲ್ಲಗೆ ಕೇಳಿ ಹೋದರು.

ಅವರು ನೋಡಬೇಕಾಗಿದ್ದದ್ದು ಅಂಗೈಯನ್ನು. ನನ್ನ ಅಂಗೈ ಸದಾ ಬೆವರುತ್ತಿತ್ತು. ಪರೀಕ್ಷೆಯಲ್ಲಿ ಕೈಯ ಕೆಳಗೆ ಕರವಸ್ತ್ರ ಇಟ್ಟುಕೊಂಡೇ ಬರೆದವಳು ನಾನು; ಇಲ್ಲದಿದ್ದರೆ ಬರೆದ ಉತ್ತರ ಬರೆಯುತ್ತಿರುವಾಗಲೇ ಅಳಿಸಿಹೋಗುತ್ತಿತ್ತು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಿಂದಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದೆ. ತಡವಾದೀತು ಎಂಬ ಭಯಕ್ಕೆ ಎಲ್ಲಿಗೂ ಬೇಗ ಹೋಗಿ, ಬೇಗ ಬಂದದ್ದಕ್ಕೆ ನಾಚಿ, ಮರೆಯಲ್ಲಿ ನಿಂತು ಹೊತ್ತು ಕಳೆಯುತ್ತಿದ್ದೆ. ಈ ಕತೆ ನಡೆದದ್ದೂ ನಾನು ಹಾಗೆ ಬೇಗ ಹೋದದ್ದರಿಂದಲೇ.

ಹಡಗುಗಳು ಬಂದು ಸರಕಿಳಿಸುವ ದಕ್ಕೆಯ ಬಾಗಿಲಲ್ಲಿ ಒಂದು ಗೋಳಿಮರವಿತ್ತು. ಅದರ ಕಟ್ಟೆಯಲ್ಲಿ ದೂಮಣ್ಣ ಎಂಬ ಮುದುಕ ಕುಳಿತು ಟರ್ಪಾಲು ಹೊಲಿಯುತ್ತಿದ್ದ. ಮಂಜಿಗಳ, ಅಂದರೆ ಸರಕು ಸಾಗಿಸುವ ಮರದ ನಾವೆಗಳ, ಒಡಲಿನ ಬಾಯಿಗೆ ಹೊದಿಸುವ ದಪ್ಪ ಟರ್ಪಾಲುಗಳು. ಎರಡು ಕೈಯಲ್ಲಿ ಟರ್ಪಾಲನ್ನು ಬಿಸಿಲಿಗೆ ಎತ್ತಿ ಹಿಡಿದು, ಸೂಜಿಮೊನೆಯಷ್ಟು ಬೆಳಕು ಎಲ್ಲಾದರೂ ತೂರಿ ಬರುತ್ತದೆಯೇ ಎಂದು ಅಂಗುಲ ಅಂಗುಲ ನೋಡುತ್ತಿದ್ದ. ಹೋಗಿ ಬರುವ ಎಲ್ಲರನ್ನೂ ಕೆಣಕುವುದು ಅವನ ಅಭ್ಯಾಸ. ನನ್ನ ಕಪ್ಪು ಬೆರಳು ಕಂಡ ಮೇಲೆ ನನಗೆ ಮದುಮಗಳು ಎಂದೇ ಹೆಸರಿಟ್ಟಿದ್ದ.

"ಎಂತ ಮದುಮಗಳೇ, ಮದರಂಗಿ ಇವತ್ತು ಜೋರುಂಟು. ದಿಬ್ಬಣ ಎಲ್ಲಿಗೆ?"

"ಮೆಣಸಿನ ಗೋದಾಮಿಗೆ, ದೂಮಣ್ಣ."

"ಮದುಮಗ ಸೀನಿ ಸೀನಿ ಓಡಿ ಹೋದಾನು, ಜಾಗ್ರತೆ."

ಹೀಗೆ ಎಲ್ಲರೊಡನೆ ಮಾತಾಡುವವನು ರೆಬೆಲ್ಲೊ ಅವರೊಡನೆ ಮಾತ್ರ ಆಡುತ್ತಿರಲಿಲ್ಲ. ಅವರು ದಿನವೂ ಕಟ್ಟೆಯ ಬಳಿ ನಡಿಗೆ ನಿಧಾನಿಸಿ, "ಹೇಗುಂಟು ದೂಮ?" ಎನ್ನುವರು. ಅವನು ತಲೆ ತಗ್ಗಿಸಿ ದಾರಕ್ಕೆ ಮೇಣ ತಿಕ್ಕುವನು. ಅವರು ಮುಂದೆ ಹೋಗುವರು. ಇದು ಯಾವುದೋ ಹಳೆಯ ದ್ವೇಷವೆಂದು ನಾನು ತಿಳಿದಿದ್ದೆ. ಇನ್ನೊಂದನ್ನೂ ಗಮನಿಸಿದ್ದೆ: ಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆಗೆ ದಕ್ಕೆಯ ಕಬ್ಬಿಣದ ಸರಪಳಿಯಿತ್ತು. ಟರ್ಪಾಲನ್ನು ಮಂಜಿಯವರೇ ಬಂದು ಒಯ್ಯಬೇಕು. ದೂಮಣ್ಣ ಸರಪಳಿ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಕೂರುತ್ತಿದ್ದದ್ದೂ ನೀರಿಗೆ ಬೆನ್ನು ಹಾಕಿ.

ಬೇಸಿಗೆ ಬಲಿತಿದ್ದ ದಿನಗಳಲ್ಲಿ ಮೋನಬ್ಬನ ಮಂಜಿ ಬಂತು. ಮೋನಬ್ಬ ಹರೆಯ ದಾಟಿದವನು. ಇಷ್ಟು ಕಾಲ ಬೇರೆಯವರ ಕೈಕೆಳಗೆ ಹಗ್ಗ ಎಳೆದು, ಆ ಸಲ ಮೊದಲ ಬಾರಿಗೆ ತಂಡೇಲನಾಗಿದ್ದ. ಮಂಜಿ ತಂಡೇಲನದಲ್ಲ, ಮಾಲೀಕನದು; ಆದರೆ ನೀರಿಗಿಳಿದ ಮೇಲೆ ಚುಕ್ಕಾಣಿ, ಸರಕು, ಆಳುಗಳು ಎಲ್ಲವೂ ತಂಡೇಲನ ಹೊಣೆ. ತಂದದ್ದು ಒಣಮೆಣಸು. ಒಡಲು ತೆರೆದು ನೋಡಿದಾಗ ಮೇಲಿನ ಸಾಲಿನ ಗೋಣಿಗಳು ಒದ್ದೆ. ಒಳಗೆ ಮೆಣಸು ಕಪ್ಪಿಟ್ಟು ಬೂಷ್ಟು ಹಿಡಿದಿತ್ತು. ವರ್ತಕರು ವಿಮೆಯವರಿಗೆ ಹೇಳಿದರು, ವಿಮೆಯವರು ನಮಗೆ.

ಸರ್ವೇಯರರು ಗೋಣಿಗಳನ್ನು ನೋಡುವುದು ಗೋದಾಮಿನಲ್ಲಿ. ಇಳಿಸುವ ಗದ್ದಲವೆಲ್ಲ ಮುಗಿದು, ಗೋಣಿಗಳನ್ನು ಅಟ್ಟಿ ಒಟ್ಟಿ, ಹಮಾಲಿಗಳು ಊಟಕ್ಕೆ ಹೋದ ಮೇಲೆ ನಾವು ಬಾಟಲಿ ಹಿಡಿದು ಹೋಗುತ್ತಿದ್ದೆವು. ರೆಬೆಲ್ಲೊ ಅವರ ಕಾಲಕ್ಕೂ ಮೊದಲಿನಿಂದ ನಡೆದುಬಂದ ಕ್ರಮ ಅದು. ಆ ದಿನ ನಾನು ಹೇಳಿದ ಹೊತ್ತಿಗಿಂತ ಬಹಳ ಮೊದಲೇ ದಕ್ಕೆಗೆ ಬಂದು, ಮುಜುಗರದಿಂದ ಗೋದಾಮಿನ ನೆರಳಿನಲ್ಲಿ ನಿಂತು, ಗೋಣಿ ಇಳಿಸುವುದನ್ನು ನೋಡಿದೆ. ಬರಿಮೈಯ ಹಮಾಲಿಗಳು ಬಗ್ಗಿ, ಕತ್ತು ಮತ್ತು ಹೆಗಲ ಮೇಲೆ ಗೋಣಿ ಹೊತ್ತು, ಹಲಗೆಯ ಮೇಲೆ ಓಡುನಡಿಗೆಯಲ್ಲಿ ಬರುತ್ತಿದ್ದರು. ಬೆನ್ನಿನಲ್ಲಿ ಬೆವರು ಗೆರೆಗಟ್ಟಿ ಇಳಿಯುತ್ತಿತ್ತು. ಮೆಣಸಿನ ಘಾಟಿಗೆ ಸೀನುತ್ತ, ಸೀನಿದವನನ್ನು ಹಿಂದಿನವನು ಬೈಯುತ್ತ, ಬೈದವನೂ ಸೀನುತ್ತ ಸಾಲು ನಡೆದಿತ್ತು. ನೋಡಿದೆ, ಅಷ್ಟೇ. ನೋಡಿದ್ದರ ಬಗ್ಗೆ ಏನೂ ಯೋಚಿಸಲಿಲ್ಲ.

ಗೋದಾಮಿನಲ್ಲಿ ರೆಬೆಲ್ಲೊ ಅವರು ಎಂದಿನಂತೆ ಎಲ್ಲಕ್ಕಿಂತ ಕಪ್ಪಾಗಿ ಒದ್ದೆಯಾಗಿದ್ದ ಜಾಗ ಹುಡುಕಿ ಬೆರಳಿಟ್ಟರು. ನಾನು ಹನಿ ಬಿಟ್ಟೆ. ಬಿಳುಪು ಹರಡಿತು. ಇನ್ನೊಂದು ಗೋಣಿ, ಅಲ್ಲಿಯೂ ಬಿಳುಪು. ಮತ್ತೊಂದರಲ್ಲೂ.

ಮೋನಬ್ಬ ಬಾಗಿಲಲ್ಲಿ ನಿಂತಿದ್ದ. ತಲೆಗೆ ಸುತ್ತಿದ ಬಟ್ಟೆಯನ್ನು ಕೈಗೆ ತೆಗೆದುಕೊಂಡಿದ್ದ.

"ಟರ್ಪಾಲು ನಾನೇ ಕಟ್ಟಿದ್ದು ಸಾಯ್ಬ್ರೆ. ಬೇರೆ ಯಾರ ಕೈಯನ್ನೂ ನಂಬಲಿಲ್ಲ. ಒಂದು ಹನಿ ಹಾರಿ ಬಂದು ಒಳಗೆ ಬಿದ್ದೀತು ಅಂತ ದಾರಿಯುದ್ದಕ್ಕೂ ಒಮ್ಮೆ ಸಹ ತೆರೆಯಲಿಲ್ಲ."

"ಹಾಗಾದರೆ ಉಪ್ಪು ಎಲ್ಲಿಂದ ಬಂತು ಮೋನಬ್ಬ?" ರೆಬೆಲ್ಲೊ ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ನೀನು ಸುಳ್ಳು ಹೇಳ್ತಿ ಅಂತ ನಾನು ಹೇಳುದಿಲ್ಲ. ಎಲ್ಲಿಯೋ ಒಂದು ಕಡೆ ಕಡಲು ನಿನ್ನ ಕಣ್ಣು ತಪ್ಪಿಸಿ ಬಂದಿದೆ."

ವರ್ತಕರಿಗೆ ಇದರಿಂದ ವ್ಯತ್ಯಾಸವೇನೂ ಇರಲಿಲ್ಲ; ಕಡಲ ನೀರಿಗೂ ಬೆವರಿಗೂ ಸೇರಿಯೇ ಅವರು ವಿಮೆ ಮಾಡಿಸಿದ್ದರು. ವ್ಯತ್ಯಾಸವಾಗುವುದು ಮೋನಬ್ಬನಿಗೆ. ನೀರು ಬೆವರಿನದಾದರೆ ವಿಷಯ ಅಲ್ಲಿಗೆ ಮುಗಿಯಿತು. ಕಡಲಿನದಾದರೆ ವಿಮೆಯವರು ಮಂಜಿಯ ಮಾಲೀಕನನ್ನು ಹಿಡಿಯುತ್ತಾರೆ, ಮಾಲೀಕ ತಂಡೇಲನನ್ನು. ಆ ದಕ್ಕೆಯಲ್ಲಿ ಯಾರೂ ಬರೆದಿಡದ, ಎಲ್ಲರೂ ನಡೆಸುತ್ತಿದ್ದ ಒಂದು ಪದ್ಧತಿಯಿತ್ತು: ಒಮ್ಮೆ ಯಾರ ಸರಕಿನಲ್ಲಿ ಉಪ್ಪು ಕಂಡಿತೋ ಅವನ ಕೈಗೆ ಮತ್ತೆ ಯಾವ ಮಾಲೀಕನೂ ಚುಕ್ಕಾಣಿ ಕೊಡುತ್ತಿರಲಿಲ್ಲ. ಕೈಕೆಳಗಿನ ಆಳಾಗಿಯೂ ಅಂಥವನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಅವನಿದ್ದ ಕಡೆ ಕಡಲು ಒಳಗೆ ಬರುತ್ತದೆ ಎಂಬ ಹೆದರಿಕೆ.

ಮೋನಬ್ಬ ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾ, ನಿಮ್ಮ ಬಾಟಲಿಗೆ ಒಮ್ಮೆಯೂ ತಪ್ಪುವುದಿಲ್ಲವಾ?" ಎಂದ. ವ್ಯಂಗ್ಯವಾಗಿ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗೆ. ಬಾಟಲಿಯ ಬಾಯಿ ಒರೆಸಲು ತಂದಿದ್ದ ಹೊಸ ಗೋಣಿಯ ತುಂಡೊಂದು ನನ್ನ ಮುಷ್ಟಿಯಲ್ಲಿತ್ತು. ಅವನು ಅಲ್ಲಿಂದ ಹೋಗುವವರೆಗೂ ಅದನ್ನು ಹಿಸುಕುತ್ತಲೇ ನಿಂತಿದ್ದೆ.

ಕಚೇರಿಗೆ ಬಂದು ಮೇಜಿನ ಮೇಲೆ ಎಲ್ಲ ಇಡುವಾಗ ಹನಿಕಡ್ಡಿಯಿಂದ ಒಂದು ಹನಿ ಜಾರಿ ಆ ತುಂಡಿನ ಮೇಲೆ ಬಿತ್ತು. ಒರೆಸಲು ಹೋದವಳು ಹಾಗೆಯೇ ನಿಂತೆ.

ಹನಿ ಬೆಳ್ಳಗಾಗುತ್ತಿತ್ತು.

ಆ ಗೋಣಿ ಕಡಲನ್ನು ಕಂಡದ್ದಲ್ಲ. ಅಂಗಡಿಯಿಂದ ತಂದ ಹೊಸ ಚೀಲದಿಂದ ನಾನೇ ಕತ್ತರಿಸಿದ್ದು. ಅದು ಕಂಡಿದ್ದದ್ದು ನನ್ನ ಅಂಗೈಯನ್ನು ಮಾತ್ರ.

ಬೆವರಿನಲ್ಲಿ ಉಪ್ಪಿದೆ ಎಂಬುದು ಯಾರಿಗೆ ಗೊತ್ತಿಲ್ಲ? ತುಟಿ ಸವರಿದ ಮಗುವಿಗೂ ಗೊತ್ತು. ನನಗೆ ಗೊತ್ತಿತ್ತು, ರೆಬೆಲ್ಲೊ ಅವರಿಗೂ ಗೊತ್ತಿತ್ತು. ಆದರೆ ನಾವು ಗೋದಾಮಿಗೆ ಹೋಗುವ ಹೊತ್ತಿಗೆ ಅಲ್ಲಿ ಬೆವರುವವರು ಯಾರೂ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಗೋಣಿ ಮತ್ತು ನಾವು. ಎಲ್ಲಕ್ಕಿಂತ ಒದ್ದೆಯಾದ ಜಾಗ ಎಂದು ರೆಬೆಲ್ಲೊ ಅವರು ಬೆರಳಿಡುತ್ತಿದ್ದ ಕಡೆಗಳನ್ನು ಒಂದೊಂದಾಗಿ ನೆನೆದೆ. ಗೋಣಿಯ ನಡುವಿಗೆ ತುಸು ಮೇಲೆ, ಬಾಗಿದ ಕತ್ತಿನ ಅಗಲಕ್ಕೆ.

ಹೇಳುವುದೋ ಬಿಡುವುದೋ ಎಂಬ ಪ್ರಶ್ನೆ ಆಗಲೇ ಶುರುವಾಯಿತು. ಮನೆಯಲ್ಲಿ ಅಮ್ಮ ಸಾರಿಗೆ ಉಪ್ಪು ಸಾಕೇ ನೋಡು ಎಂದರೆ ನಾನು ಬೆಚ್ಚಿದೆ. ಹೇಳಿದರೆ ಏನಾಗುತ್ತದೆ? ಒಂದು ಗೋಣಿಯ ತಪ್ಪು ಒಂದು ಗೋಣಿಯಲ್ಲಿ ನಿಲ್ಲುವುದಿಲ್ಲ. ಆ ಮನುಷ್ಯ ಒಂದು ಜೀವಮಾನ ಆ ಹನಿಯನ್ನು ನಂಬಿ ಬರೆದಿದ್ದರು. ಅವರನ್ನು ನಂಬಿ ದಕ್ಕೆ ನಡೆದಿತ್ತು. ಕಚೇರಿಗೆ ಸೇರಿ ಇನ್ನೂ ಹೊಸತನ ಮಾಸದ ಹುಡುಗಿ ನಾನು. ನನ್ನ ಕೈಯೇ ಕೊಳೆಯಾಗಿತ್ತು ಎಂದು ಬಿಡಬಹುದಲ್ಲವೇ? ಹಾಗೆ ಅಂದುಕೊಂಡಾಗಲೆಲ್ಲ, ತಲೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತ ಮೋನಬ್ಬ ಮನಸ್ಸಿನೊಳಗೆ ಮತ್ತೆ ಅದನ್ನೇ ಕೇಳುತ್ತಿದ್ದ.

ಮರುದಿನ ನಾನು ಯಾರಿಗೂ ಹೇಳದೆ ಗೋದಾಮಿಗೆ ಹೋದೆ. ಮೆಣಸಿನ ಗೋಣಿ ಎರಡು ಪದರದ್ದು. ಹೊರಗಿನದನ್ನು ಬಿಚ್ಚಿ, ಯಾರ ಮೈಯೂ ತಾಗದ ಒಳಪದರದ ಒದ್ದೆ ಜಾಗಕ್ಕೆ ಹನಿ ಬಿಟ್ಟೆ. ಕಾದೆ. ಹನಿ ಹನಿಯಾಗಿಯೇ ಉಳಿಯಿತು. ಆಮೇಲೆ ಒಡಲಿನ ತಳದಿಂದ ಬಂದಿದ್ದ, ಒಂದಿಷ್ಟೂ ಕೆಡದ ಗೋಣಿಯೊಂದರ ಹೊರಮೈಗೆ, ಕತ್ತು ತಾಗುವ ಜಾಗದಲ್ಲಿ ಬಿಟ್ಟೆ. ಅದು ಬೆಳ್ಳಗಾಯಿತು. ಸೀನು ತಡೆಯಲಾಗದೆ, ಕಣ್ಣಲ್ಲಿ ನೀರು ಸುರಿಸುತ್ತ, ಆ ನೀರು ಗೋಣಿಗೆ ಬೀಳದಂತೆ ಮುಖ ತಿರುಗಿಸಿಕೊಂಡು, ನಾನು ಇನ್ನಷ್ಟು ಗೋಣಿಗಳನ್ನು ನೋಡಿದೆ. ಉತ್ತರ ಬದಲಾಗಲಿಲ್ಲ.

ಮಂಜಿಗೂ ಹೋಗಿ ನೋಡಿದೆ. ಒಡಲಿನ ಮಾಡಿನ ಹಲಗೆಗಳ ಒಳಮೈಯಲ್ಲಿ ಉದ್ದಕ್ಕೂ ನೀರು ತೊಟ್ಟಿಕ್ಕಿದ ಗುರುತು. ಕಡಲು ಒಂದು ಬಿರುಕಿನಿಂದ ಬಂದಿದ್ದರೆ ಒಂದು ಕಡೆ ನೆನೆಯಬೇಕಿತ್ತು. ಮೇಲಿನ ಸಾಲು ಇಡಿಯಾಗಿ ನೆನೆದಿತ್ತು. ಹೆದರಿಕೆಯಿಂದ ಬಿಗಿಯಾಗಿ ಮುಚ್ಚಿಟ್ಟ ಒಡಲು ಒಳಗೊಳಗೇ ಬೆವೆತಿತ್ತು. ಬಿಸಿಲಿನ ದಿನಗಳಲ್ಲಿ ಟರ್ಪಾಲಿನ ಒಂದು ಮೂಲೆ ಎತ್ತಿದ್ದರೂ ಸಾಕಿತ್ತು. ಮೋನಬ್ಬನ ತಪ್ಪು ಏನಾದರೂ ಇದ್ದರೆ, ಅದು ಅಜಾಗರೂಕತೆಯಲ್ಲ, ಅತಿಯಾದ ಎಚ್ಚರ. ಅದನ್ನು ನನ್ನಷ್ಟು ಚೆನ್ನಾಗಿ ಯಾರು ಬಲ್ಲರು?

ಕಚೇರಿಗೆ ಹಿಂದಿರುಗಿದಾಗ ರೆಬೆಲ್ಲೊ ಅವರು ವರದಿ ಬರೆಯಲು ಕುಳಿತಿದ್ದರು. ನಾನು ಹೊಸ ಗೋಣಿಯ ಎರಡು ತುಂಡು ಕತ್ತರಿಸಿ ಮೇಜಿನ ಮೇಲಿಟ್ಟೆ. ಒಂದನ್ನು ಚಿಮಟಿಯಲ್ಲಿ ಎತ್ತಿಟ್ಟಿದ್ದೆ, ಇನ್ನೊಂದನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದಿಟ್ಟಿದ್ದೆ. ಎರಡಕ್ಕೂ ನೀವೇ ಹನಿ ಹಾಕಿ ಎಂದು ಕೇಳಿಕೊಂಡೆ.

ಅವರು ಕನ್ನಡಕದ ಮೇಲಿಂದ ನೋಡಿ, "ಎಂತ ಮಾರಾಯ್ತಿ, ನನಗೆ ಪರೀಕ್ಷೆಯಾ?" ಎಂದು ನಕ್ಕು ಹನಿ ಬಿಟ್ಟರು.

ಒಂದು ತಿಳಿಯಾಗಿ ಉಳಿಯಿತು. ಇನ್ನೊಂದು ಬೆಳ್ಳಗಾಯಿತು.

"ಇದು ಎಲ್ಲಿನ ಗೋಣಿ?"

"ಎರಡೂ ಒಂದೇ ಚೀಲದ್ದು ಸರ್. ಅಂಗಡಿಯದ್ದು. ಬೆಳ್ಳಗಾದದ್ದು ನನ್ನ ಕೈಯಲ್ಲಿತ್ತು."

ಅವರು ಮತ್ತೆ ನಗಲು ಹೊರಟರು. "ನಿನ್ನ ಕೈ ಕಡಲಿಗಿಂತ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಒಳಪದರದ ವಿಷಯ, ಕೆಡದ ಗೋಣಿಯ ವಿಷಯ, ಹಲಗೆಯ ಮೇಲಿನ ಗುರುತು, ಹಮಾಲಿಗಳ ಕತ್ತು, ಎಲ್ಲವನ್ನೂ ಅನುಕ್ರಮ ತಪ್ಪಿ ಹೇಳಿದೆ. ಹೇಳಿ ಮುಗಿದ ಮೇಲೆ ಅವರು ಬೆಳ್ಳಗಾದ ತುಂಡನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ಬಿಸಿಲಿನಲ್ಲಿ ಅದು ನೇರಳೆಯಾಗುತ್ತಿತ್ತು.

ಈಗ ಏನಾದರೂ ಆಗುತ್ತದೆ ಎಂದು ನಾನು ಕಾದೆ. ನಾಳೆಯಿಂದ ಬರುವುದು ಬೇಡ ಎನ್ನಬಹುದು. ಮೋನಬ್ಬನ ವರದಿಯನ್ನು ಸದ್ದಿಲ್ಲದೆ ತಿದ್ದಿ, ಮಾತನ್ನು ಈ ಕೋಣೆಯಲ್ಲೇ ಹೂಳಬಹುದು. ಹಾಗೆ ಮಾಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಮೋನಬ್ಬ ಉಳಿದರೆ ಸಾಕಾಗಿತ್ತು ನನಗೆ.

ಅವರು ಕಿಟಕಿಯಿಂದ ತಿರುಗದೆ ಹೇಳಿದರು: "ದೂಮನ ಮಂಜಿ ಬಂದದ್ದು ಕೂಡ ಬೇಸಿಗೆಯಲ್ಲಿ."

ನನಗೆ ಅರ್ಥವಾಗಲಿಲ್ಲ. ಯಾವ ದೂಮ, ಯಾವ ಮಂಜಿ ಎಂದು ಕೇಳಿದೆ.

"ಆ ಗೋಳಿಮರದ ಅಡಿ ಕೂತವನು. ಅವನ ಹಾಗೆ ಟರ್ಪಾಲು ಕಟ್ಟುವ ತಂಡೇಲ ಆಗ ಈ ಕರಾವಳಿಯಲ್ಲಿ ಇರಲಿಲ್ಲ. ಗೋಧಿ ತಂದಿದ್ದ. ಹನಿ ಹಾಕಿದೆ, ಬೆಳ್ಳಗಾಯಿತು. ಅಂಗಳದಲ್ಲಿ ಎಲ್ಲರ ಎದುರು ಹೇಳಿದೆ, ಕಡಲು ಬಂದಿದೆ ಅಂತ." ಕೈಯಲ್ಲಿದ್ದ ತುಂಡನ್ನು ಮಗುಚಿ ನೋಡಿದರು. "ಆ ಗೋಣಿಗಳನ್ನು ಯಾರು ಹೊತ್ತರು, ಹೇಗೆ ಹೊತ್ತರು, ನಾನು ನೋಡಲಿಲ್ಲ. ನಾನು ಹೋಗುವಾಗ ಅವರು ಊಟಕ್ಕೆ ಹೋಗಿದ್ದರು."

ಕಿಟಕಿಯ ಕೆಳಗೆ ದೂಮಣ್ಣ ಟರ್ಪಾಲನ್ನು ಬೆಳಕಿಗೆ ಎತ್ತಿ ಹಿಡಿದಿದ್ದ. ಅಲ್ಲಿಂದ ನೋಡಿದರೆ ಮುಖ ಕಾಣುತ್ತಿರಲಿಲ್ಲ, ಎತ್ತಿದ ಎರಡು ಕೈ ಮಾತ್ರ.

ರೆಬೆಲ್ಲೊ ಅವರು ಮೇಜಿಗೆ ಬಂದು ಮೋನಬ್ಬನ ವರದಿ ಬರೆದರು. ಕಡಲ ನೀರಲ್ಲ, ಒಡಲಿನ ಬೆವರು ಎಂದು ಬರೆದು, ಮೊದಲು ಕಡಲ ನೀರೆಂದು ಕಂಡದ್ದೇಕೆ ಎಂಬುದರ ಬಗ್ಗೆಯೂ ಒಂದು ಪ್ಯಾರಾ ಬರೆದರು. ಅದನ್ನು ಬರೆಯದೆಯೂ ನಡೆಯುತ್ತಿತ್ತು. ಇದನ್ನು ಓದಿದ ಮೇಲೆ ಹಿಂದಿನದನ್ನೆಲ್ಲ ಕೆದಕುತ್ತಾರೆ ಸರ್ ಎಂದು ನಾನು ಅಂದೆ. ಅವರು ಸಹಿ ಹಾಕಿ, "ಬಾಟಲಿ ತಗೊ," ಎಂದು ಮೆಟ್ಟಿಲಿಳಿದರು.

ಗೋಳಿಮರದ ಬಳಿ ಅವರು ಎಂದಿನಂತೆ ನಡಿಗೆ ನಿಧಾನಿಸಲಿಲ್ಲ, ನಿಂತರು. ಆಮೇಲೆ ಆ ಬಿಳಿ ಅಂಗಿಯವರು ಕಟ್ಟೆಯ ಧೂಳಿನ ಮೇಲೆ ಕುಳಿತೇಬಿಟ್ಟರು. ದೂಮಣ್ಣ ದಾರ ಮತ್ತು ಮೇಣದಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

ಅವರು ಎಲ್ಲವನ್ನೂ ಹೇಳಿದರು. ತಿರುಚದೆ, ಬಳಸದೆ, ವರದಿ ಓದುವವರ ದನಿಯಲ್ಲಿ. ಮೋನಬ್ಬನ ಗೋಣಿ, ಹಮಾಲಿಗಳ ಬೆವರು, ನನ್ನ ಕೈ. ಕೊನೆಗೆ, ನಿನ್ನ ಗೋಧಿಯ ಮೇಲೂ ನಾನು ನೋಡಿದ್ದು ಅದನ್ನೇ ಇರಬಹುದು ಎಂದರು.

ದೂಮಣ್ಣನ ಕೈ ನಿಂತಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವನು ಅವರನ್ನು ಮುಖವೆತ್ತಿ ನೋಡಿದ. ಅದು ದ್ವೇಷ ಎಂದು ನಾನು ತಿಳಿದದ್ದು ಎಷ್ಟು ತಪ್ಪಾಗಿತ್ತೆಂದು ಆಗ ಗೊತ್ತಾಯಿತು. ಅದು ನಾಚಿಕೆಯಾಗಿತ್ತು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗ ಮೇಷ್ಟರ ಎದುರು ತಲೆಯೆತ್ತದ ಹಾಗೆ ಅವನು ಇಷ್ಟು ಕಾಲ ತಲೆ ತಗ್ಗಿಸಿದ್ದ. ನಮಗಿಂತ ಹೆಚ್ಚಾಗಿ ಆ ಹನಿಯನ್ನು ನಂಬಿದವನು ಅವನೇ.

"ಹಾಗಾದರೆ ತೂತು ಇರಲಿಲ್ಲವಾ ಪೊರ್ಬುಗಳೇ?"

ರೆಬೆಲ್ಲೊ ಅವರನ್ನು ಹಾಗೆ ಗೌರವದಿಂದ ಕರೆದು ಕೇಳುವಾಗ ಅವನ ದನಿ ತೀರಾ ಮೆತ್ತಗಿತ್ತು.

"ಇತ್ತೋ ಇರಲಿಲ್ಲವೋ ಹೇಳ್ಲಿಕ್ಕೆ ನನಗೆ ಆಗುದಿಲ್ಲ ದೂಮ. ಆ ಗೋಣಿ ಈಗ ಎಲ್ಲಿಯೂ ಇಲ್ಲ. ಇತ್ತು ಅಂತ ನಾನು ಹೇಳಿದ್ದು ತಪ್ಪು. ಅಷ್ಟು ಮಾತ್ರ ಹೇಳಬಲ್ಲೆ."

"ಆ ಟರ್ಪಾಲು ಮನೆಯಲ್ಲಿ ಉಂಟು." ದೂಮಣ್ಣ ಯಾರಿಗೋ ಲೆಕ್ಕ ಒಪ್ಪಿಸುವವನಂತೆ ಹೇಳುತ್ತ ಹೋದ. "ಬಿಸಿಲಿಗೆ ಹಿಡಿದು ಎಷ್ಟು ಸಲ ನೋಡಿದೆ. ತೂತು ಸಿಕ್ಕಲಿಲ್ಲ. ಮತ್ತೆ ಗಂಟು ಸಡಿಲ ಇರಬೇಕು ಅಂತ ಎಣಿಸಿದೆ. ಎಡಬದಿಯ ಗಂಟು ಹಾಕಿದ್ದು ತಂಗಿಯ ಗಂಡ. ನಿನ್ನಿಂದಲೇ ಆಯ್ತು ಅಂತ ಅವನ ಮೋರೆಗೆ ಹೇಳಿದೆ. ಅವನು ತಂಗಿಯನ್ನು ಕರೆದುಕೊಂಡು ಊರು ಬಿಟ್ಟ. ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ."

ದಕ್ಕೆಯಲ್ಲಿ ಯಾರೋ ಹಗ್ಗ ಎಳೆಯುವ ಕೂಗು ಕೇಳುತ್ತಿತ್ತು.

ದೂಮಣ್ಣ ನನ್ನ ಮುಂದೆ ಅಂಗೈ ಚಾಚಿದ. ಸೂಜಿ ಒತ್ತಿ ಒತ್ತಿ ನಡುವೆ ಕಾಯಿಗಟ್ಟಿದ ಅಂಗೈ.

"ಹಾಕು ಮದುಮಗಳೇ. ನಾನೂ ನೋಡ್ತೇನೆ."

ಕಪ್ಪಾಗುತ್ತದೆ ದೂಮಣ್ಣ, ಬೇಗ ಹೋಗುವುದಿಲ್ಲ ಎಂದೆ. ಅವನು ಕೈ ಹಿಂದೆಗೆಯಲಿಲ್ಲ. ನಾನು ಹನಿ ಬಿಟ್ಟೆ. ಅಂಗೈಯ ಗೆರೆಗಳ ನಡುವೆ ಅದು ಒಂದು ಕ್ಷಣ ಕನ್ನಡಿಯಂತೆ ಕುಳಿತಿತ್ತು. ಒಳಗೆ ಗೋಳಿಯ ಎಲೆಗಳು ಕಾಣುತ್ತಿದ್ದವು. ಆಮೇಲೆ ಎಲೆಗಳು ಮಸುಕಾದವು, ಬಿಳುಪು ಬಂತು. ಅವನು ಕೈಯನ್ನು ನೆರಳಿನಿಂದ ಬಿಸಿಲಿಗೆ ಸರಿಸಿದ. ನಾವು ಮೂವರೂ ಬಗ್ಗಿ ನೋಡಿದೆವು. ಅದು ನೇರಳೆಯಾಗಿ, ಆಮೇಲೆ ಕಂದಾಯಿತು.

"ಇಷ್ಟೇಯಾ," ಎಂದ ದೂಮಣ್ಣ. ಮುಷ್ಟಿ ಮುಚ್ಚಿಕೊಂಡ.

ಆಮೇಲಿನ ದಿನಗಳು ಒಳ್ಳೆಯದಾಗಿ ಕಳೆದವೆಂದು ಹೇಳಲಾರೆ. ಆ ಒಂದು ಪ್ಯಾರಾ ಮಾಡಬೇಕಾದದ್ದನ್ನೆಲ್ಲ ಮಾಡಿತು. ವಿಮೆಯವರು ವಿವರಣೆ ಕೇಳಿದರು. ಹಿಂದಿನ ವರದಿಗಳಿಂದ ದಂಡ ತೆತ್ತಿದ್ದ ಮಂಜಿ ಮಾಲೀಕರು ಬಂದು ಬಾಗಿಲಲ್ಲಿ ಕೂಗಾಡಿದರು. ಹೊಸ ಕೆಲಸ ಬೇರೆ ಕಚೇರಿಗಳಿಗೆ ಹೋಗತೊಡಗಿತು. ರೆಬೆಲ್ಲೊ ಅವರು ಇದ್ದಕ್ಕಿದ್ದಂತೆ ಒಬ್ಬ ಹಳೆಯ ತಂಡೇಲನ ಹೆಸರು ಹೇಳಿ, ಅವನ ಗೋಣಿ ಬಂದದ್ದು ಚಳಿಗಾಲದಲ್ಲಿ ಅಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು, ನಾನು ಆಗ ಹುಟ್ಟಿಯೇ ಇರಲಿಲ್ಲ ಎಂಬುದನ್ನು ಮರೆತು. ಉತ್ತರವಿಲ್ಲದ ಹೆಸರುಗಳು ಅವರಿಂದ ನನಗೂ ದಾಟಿಕೊಂಡವು. ಅವು ಇನ್ನೂ ನನ್ನ ಬಳಿಯಿವೆ. ಆ ಜನರನ್ನು ನಾನು ಕಂಡವಳಲ್ಲ. ಸರಕು ಇಳಿಸುವಾಗಲೇ ಹೋಗಿ ನಿಂತು ನೋಡುವ ಕ್ರಮ ಮಾತ್ರ ಅಂದಿನಿಂದ ನಮ್ಮ ಕಚೇರಿಯಲ್ಲಿ ಶುರುವಾಯಿತು. ಬಿಸಿಲಿನಲ್ಲಿ, ಬೆವರುತ್ತ, ಹಮಾಲಿಗಳ ಬೈಗುಳ ಕೇಳುತ್ತ ನಾವಿಬ್ಬರೂ ನಿಲ್ಲುತ್ತಿದ್ದೆವು.

ಮೋನಬ್ಬನ ಮಂಜಿ ಹೊರಡುವ ದಿನ ನಾನು ಎಂದಿನಂತೆ ಬೇಗ ಹೋದೆ. ಕಟ್ಟೆ ಖಾಲಿಯಿತ್ತು. ಅರ್ಧ ಹೊಲಿದ ಟರ್ಪಾಲಿನಲ್ಲಿ ಸೂಜಿ ಚುಚ್ಚಿದ ಹಾಗೆಯೇ ಇತ್ತು. ನನ್ನ ಮನಸ್ಸು ಮೊದಲು ಓಡುವುದು ಯಾವಾಗಲೂ ಕೆಟ್ಟದ್ದರ ಕಡೆಗೆ. ಸುತ್ತ ಹುಡುಕಿ, ಕೊನೆಗೆ ಸರಪಳಿಯ ಆಚೆ ನೋಡಿದೆ.

ದೂಮಣ್ಣ ಮಂಜಿಯ ಮೇಲಿದ್ದ. ಮೊಣಕಾಲೂರಿ, ಒಡಲಿನ ಬಾಯಿಗೆ ಹೊದಿಸಿದ ಟರ್ಪಾಲಿನ ಮೇಲೆ ಅಂಗೈ ಆಡಿಸುತ್ತ ಅಂಚಿನುದ್ದಕ್ಕೂ ಹೋಗುತ್ತಿದ್ದ. ಕುದುರೆಯ ಬೆನ್ನು ಸವರುವವರ ಹಾಗೆ. ಮೋನಬ್ಬ ಅವನ ಹಿಂದೆಯೇ ನಡೆಯುತ್ತ ಗಂಟುಗಳನ್ನು ಬಿಗಿಯುತ್ತಿದ್ದ. ಕೊನೆಯ ಮೂಲೆಯಲ್ಲಿ, ಬಿಗಿಯಲು ಹೋದ ಅವನ ಕೈಯನ್ನು ದೂಮಣ್ಣ ತಡೆದದ್ದು ಕಂಡಿತು. ಏನೋ ಹೇಳಿದ. ಮೋನಬ್ಬ ತಲೆಯಾಡಿಸಲಿಲ್ಲ, ಒಮ್ಮೆ ಆಕಾಶ ನೋಡಿದ, ಒಮ್ಮೆ ನೀರು ನೋಡಿದ, ಮತ್ತೆ ಗಂಟಿಗೆ ಕೈ ಹಾಕಿದ. ದೂಮಣ್ಣ ಅವನ ಕೈಯನ್ನು ಮತ್ತೆ ತಡೆದ.

ದೂಮಣ್ಣ ಇಳಿದು ಬಂದು ನನ್ನ ಪಕ್ಕ ನಿಂತ. ಮಂಜಿ ದಕ್ಕೆಯಿಂದ ಮೆಲ್ಲನೆ ಬಿಡಿಸಿಕೊಂಡಿತು. ಅದು ಅಳಿವೆಯ ಬಾಯಿ ದಾಟುವವರೆಗೂ ಏನು ಕೆಡಬಹುದು ಎಂದು ನಾನು ಒಂದೊಂದಾಗಿ ಯೋಚಿಸುತ್ತಲೇ ಇದ್ದೆ, ಅಂಗೈ ಒದ್ದೆಯಾಗಿತ್ತು. ಅವನು ಕಣ್ಣಿಗೆ ಬಿಸಿಲು ಮರೆಮಾಡಲು ಕೈ ಎತ್ತಿದ. ಅಂಗೈಯ ನಡುವೆ ಆ ಕಪ್ಪು ಮಚ್ಚೆಯಿತ್ತು. ದೂರದಲ್ಲಿ, ಕಟ್ಟದೆ ಬಿಟ್ಟ ಟರ್ಪಾಲಿನ ಮೂಲೆ ಗಾಳಿಗೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.